ಚಂದದ ಸಿಟೌಟೂ, ಅಮ್ಮಮ್ಮನ ಬಚ್ಚಲೂ

ನಮ್ಮ ಮನೆ ದುರಸ್ತಿಯ ಬಜೆಟ್ ತಯಾರಾದದ್ದು ಒಂದು ಮದುವೆ ಕರೆಯೋಲೆಯ ಹಿಂಬದಿಯಲ್ಲಿ. 2024ರ ಅಕ್ಟೋಬರ್ ತಿಂಗಳು. ಮಳೆ ಬಿಟ್ಟಿತ್ತು. ಅಣ್ಣನಿಗೆ ಹುಡುಗಿ ಗೊತ್ತಾಗಿತ್ತು, ಮುಂದಿನ ಮೇ ತಿಂಗಳಲ್ಲಿ ಮದುವೆ. ಮೇಸ್ತ್ರಿ ಬಂದವರು ಮನೆಗೆ ಒಂದು ಸುತ್ತು ಹಾಕಿದರು, ಮಾಡನ್ನು ಕೆಳಗಿನಿಂದಲೇ ನೋಡಿದರು, ಚಾ ಕುಡಿದರು. ‘ಹ್ವಾಯ್, ಒಂದ್ ನಾಕೂವರೆ ಲಕ್ಷದಂಗೆ ಮುಗ್ಸುವ’ ಅಂದರು. ಅಪ್ಪ ಆ ಮಾತನ್ನು ಕರೆಯೋಲೆಯ ಹಿಂದೆ ಬರೆದುಕೊಂಡರು. ಅಲ್ಲಿಗೆ ಬಜೆಟ್ ಮುಗಿಯಿತು.

ಆ ಹೊತ್ತಿಗೆ ನಾನು ಬಿಕಾಂ ಕೊನೆಯ ವರ್ಷದಲ್ಲಿದ್ದೆ. ಕಾಲೇಜಿನಲ್ಲಿ ಬಜೆಟರಿ ಕಂಟ್ರೋಲ್ ಎಂಬ ಪಾಠಕ್ಕೆ ಒಳ್ಳೆಯ ಅಂಕ ತೆಗೆದವಳು, ಮನೆಯಲ್ಲಿ ಮೇಸ್ತ್ರಿಗೆ ಚಾ ಕೊಟ್ಟು ಒಳಗೆ ಹೋದೆ. ನನ್ನನ್ನು ಯಾರೂ ಕೇಳಲಿಲ್ಲ ಎನ್ನುವುದು ನಿಜ. ನಾನೂ ಬಾಯಿ ಬಿಡಲಿಲ್ಲ ಎನ್ನುವುದೂ ಅಷ್ಟೇ ನಿಜ. ಅದಕ್ಕೇ ಈ ಬರಹ.

ನಮ್ಮೂರು ಹಂಗಾರಕಟ್ಟೆ. ಸೀತಾನದಿ ಸಮುದ್ರ ಸೇರುವ ಮೊದಲು ಅಗಲವಾಗಿ ಹರಡಿಕೊಳ್ಳುವ ಜಾಗ. ಆಚೆ ದಡದಲ್ಲಿ ಕೋಡಿ ಬೆಂಗ್ರೆ, ನಡುವೆ ಓಡಾಡಲು ಬಾರ್ಜು. ಅಪ್ಪ ಸಾಸ್ತಾನ, ಮಾಬುಕಳದ ಕಡೆ ರಿಕ್ಷಾ ಓಡಿಸುತ್ತಾರೆ. ಅಮ್ಮ ಗೇರುಬೀಜ ಕಾರ್ಖಾನೆಗೆ ಹೋಗುತ್ತಾರೆ. ಅಣ್ಣ ನಮ್ಮ ಕಡೆಯ ಎಷ್ಟೋ ಹುಡುಗರ ಹಾಗೆ ಬೆಂಗಳೂರಿನ ಬೇಕರಿಯಲ್ಲಿದ್ದಾನೆ. ಮನೆ ಅಜ್ಜ ಕಟ್ಟಿಸಿದ್ದು. ಕೆಂಪುಕಲ್ಲಿನ ಗೋಡೆ, ಹಂಚಿನ ಮಾಡು. ಬಚ್ಚಲು ಮನೆಯಿಂದ ಹೊರಗೆ, ಅಂಗಳ ದಾಟಿ ಹೋಗಬೇಕು.

ಅಪ್ಪನ ಪಟ್ಟಿ ಹೀಗಿತ್ತು: ಎದುರಿನ ಜಗಲಿ ತೆಗೆದು ಕಂಬ, ಗ್ರಾನೈಟ್ ಹಾಕಿದ ಸಿಟೌಟ್‌ಗೆ 1,60,000 ರೂಪಾಯಿ. ಚಾವಡಿಗೆ ಟೈಲ್ಸ್ 90,000. ಅಡುಗೆಮನೆಗೆ 60,000. ಮಾಡು ರಿಪೇರಿಗೆ 50,000. ಒಳಗೇ ಒಂದು ಬಚ್ಚಲು, ಶೌಚಾಲಯಕ್ಕೆ 50,000. ಪೇಂಟಿಗೆ 40,000. ಒಟ್ಟು 4,50,000. ಹಣ ಎಲ್ಲಿಂದ? ಅಣ್ಣನ ಉಳಿತಾಯ 2 ಲಕ್ಷ, ಅಪ್ಪ ಸೊಸೈಟಿಯಲ್ಲಿ ತೆಗೆಯುವ ಸಾಲ 2 ಲಕ್ಷ, ಅಮ್ಮನ ಚೀಟಿಯ 50,000. ಲೆಕ್ಕ ಸರಿಯಾಗಿ ಕೂಡುತ್ತಿತ್ತು. ಅದೇ ಮೋಸ. ಕಾಗದದ ಮೇಲೆ ಪೈಸೆ ಪೈಸೆ ಸರಿಹೊಂದುವ ಲೆಕ್ಕದಲ್ಲಿ ತಪ್ಪಿಗೆ ಜಾಗವೇ ಇರುವುದಿಲ್ಲ.

ಮಾಡಿನ ಹಂಚು ಇಳಿಸಿದ ದಿನ ಎಲ್ಲ ಬದಲಾಯಿತು. ಪಕ್ಕಾಸುಗಳಿಗೆ ಒರಲೆ ಹಿಡಿದಿತ್ತು. ಕೆಳಗಿನಿಂದ ನೋಡಿದರೆ ಗಟ್ಟಿಯಾಗಿಯೇ ಕಾಣುತ್ತಿದ್ದ ಮರ, ಚಾಣದಿಂದ ಒತ್ತಿದರೆ ಅವಲಕ್ಕಿಯ ಹಾಗೆ ಉದುರಿತು. ಪಕ್ಕಾಸು, ರೀಪು ಬಹುಪಾಲು ಹೊಸದೇ ಆಗಬೇಕಾಯಿತು. 50,000ದ ಕೆಲಸ 1,70,000ಕ್ಕೆ ಹೋಯಿತು. ಅದರ ಹಿಂದೆಯೇ ವೈರಿಂಗ್. ಪಟ್ಟಿಯಲ್ಲಿ ಅದರ ಹೆಸರೇ ಇರಲಿಲ್ಲ. ಅಜ್ಜನ ಕಾಲದ ವಯರು, ಇಲಿ ಕಡಿದದ್ದು. ಹೊಸ ಮಾಡಿನ ಅಡಿಯಲ್ಲಿ ಅದನ್ನು ಹಾಗೇ ಬಿಡಲಾಗದು ಎಂದು ಎಲೆಕ್ಟ್ರಿಷಿಯನ್ ಹೇಳಿದ್ದು ಸರಿಯೇ ಇತ್ತು. ಅದಕ್ಕೆ 55,000.

ಸಿಟೌಟ್ 1,95,000ಕ್ಕೆ ಮುಟ್ಟಿತು, ಏಕೆಂದರೆ ಗ್ರಾನೈಟ್ ಆರಿಸಲು ಹೋದವರು ಪಟ್ಟಿಯಲ್ಲಿದ್ದುದಕ್ಕಿಂತ ಒಂದು ದರ್ಜೆ ಮೇಲಿನದು ಆರಿಸಿದರು. ಟೈಲ್ಸಿನದ್ದೂ ಅದೇ ಕತೆ, 1,05,000. ಪೇಂಟ್ 60,000. ಅಡುಗೆಮನೆಯನ್ನು 40,000ಕ್ಕೆ ಅರ್ಧದಲ್ಲಿ ನಿಲ್ಲಿಸಿದೆವು. ಬಚ್ಚಲು? ‘ಮದಿ ಮುಗಿಲಿ, ಮತ್ತೆ ಕಾಂಬ’ ಎಂದಾಯಿತು.

ಒಟ್ಟು ಖರ್ಚು 6,25,000. ಹೆಚ್ಚಾದದ್ದು 1,75,000. ಅಮ್ಮನ ಬಳೆ, ಸರ ಅಡವಿಟ್ಟು 1,25,000 ಬಂತು. ಉಳಿದ 50,000 ನನ್ನದು. ಮೂರು ವರ್ಷ ಅಕ್ಕಪಕ್ಕದ ಮಕ್ಕಳಿಗೆ ಟ್ಯೂಷನ್ ಹೇಳಿ ಎಂಕಾಂಗೆಂದು ಕೂಡಿಟ್ಟದ್ದು. ಯಾರೂ ಕಿತ್ತುಕೊಳ್ಳಲಿಲ್ಲ, ನಾನೇ ಕೊಟ್ಟೆ. ಮದುವೆಗೆ ಇಪ್ಪತ್ತು ದಿನ ಇರುವಾಗ ಅರ್ಧ ಪೇಂಟ್ ಆದ ಮನೆಯಲ್ಲಿ ನಿಂತು ‘ಕೊಡುವುದಿಲ್ಲ’ ಎನ್ನಲು ಯಾವ ಮಗಳಿಗೆ ಆಗುತ್ತದೆ ಹೇಳಿ?

ಮದುವೆ ಚೆನ್ನಾಗಿಯೇ ಆಯಿತು. ಬಂದವರೆಲ್ಲ ಸಿಟೌಟ್ ಹೊಗಳಿದರು. ಜೂನ್‌ನಲ್ಲಿ ಮಳೆ ಹಿಡಿಯಿತು. ಒಂದು ರಾತ್ರಿ ಅಮ್ಮಮ್ಮ ಯಾರನ್ನೂ ಎಬ್ಬಿಸದೆ ಅಂಗಳ ದಾಟಿ ಬಚ್ಚಲಿಗೆ ಹೊರಟವರು ಪಾಚಿಗಟ್ಟಿದ ಮೆಟ್ಟಿಲಲ್ಲಿ ಜಾರಿ ಬಿದ್ದರು. ಸೊಂಟದ ಮೂಳೆ ಮುರಿಯಿತು. ಆಪರೇಷನ್, ಮೂರು ತಿಂಗಳು ಮಂಚ. ಎಂಕಾಂ ಬಿಟ್ಟು ನಾನು ಬ್ರಹ್ಮಾವರದ ಒಂದು ಅಂಗಡಿಯಲ್ಲಿ ಲೆಕ್ಕ ಬರೆಯಲು ಸೇರಿದೆ.

ಆಸ್ಪತ್ರೆಯ ಬೆಂಚಿನಲ್ಲಿ ಕೂತು ಆ ಕರೆಯೋಲೆಯ ಲೆಕ್ಕವನ್ನು ಮತ್ತೊಮ್ಮೆ ಬರೆದೆ. ಆಗ ಕಂಡದ್ದು ಇದು. ಮಾಡು ಮತ್ತು ವೈರಿಂಗ್‌ಗೆ ಹೆಚ್ಚಾದದ್ದು ಸರಿಯಾಗಿ 1,75,000. ಅಂದರೆ ಅಡವಿಟ್ಟ ಚಿನ್ನ, ನನ್ನ ಶುಲ್ಕ ಎರಡೂ ಕಣ್ಣಿಗೆ ಕಾಣದ ಕೆಲಸಕ್ಕೆ ಹೋದವು. ಅದು ಬೇಕಾದದ್ದೇ, ಅದರ ಬಗ್ಗೆ ನನಗೆ ಬೇಸರವಿಲ್ಲ. ಆದರೆ ಸಿಟೌಟ್‌ಗೆ ಹೆಚ್ಚಾದ 35,000 ಮತ್ತು ಟೈಲ್ಸಿಗೆ ಹೆಚ್ಚಾದ 15,000 ಕೂಡಿಸಿದರೆ 50,000. ಬಚ್ಚಲಿಗೆ ಇಟ್ಟಿದ್ದ ಹಣವೂ ಅಷ್ಟೇ. ಅಮ್ಮಮ್ಮನ ಬಚ್ಚಲನ್ನು ನಾವು ಎದುರಿನ ಗ್ರಾನೈಟಿಗೆ ಹಾಕಿದ್ದೆವು. ಯಾರೂ ಹಾಗೆಂದು ತೀರ್ಮಾನ ಮಾಡಿರಲಿಲ್ಲ. ಬರೆದಿಡದೇ ಇದ್ದುದರಿಂದ ತೀರ್ಮಾನ ತಾನಾಗಿಯೇ ಆಗಿಹೋಯಿತು.

ನನ್ನ ಅಭಿಪ್ರಾಯ ಇಷ್ಟು: ಮನೆ ರಿಪೇರಿಯ ಬಜೆಟ್ ಎಂದರೆ ಸಿಮೆಂಟು, ಮರಳಿನ ಲೆಕ್ಕ ಮಾತ್ರ ಅಲ್ಲ. ಮನೆಯಲ್ಲಿ ಯಾರ ಅಗತ್ಯ ಮೊದಲು, ಯಾರದ್ದು ಕೊನೆಗೆ ಎಂಬುದರ ಪಟ್ಟಿ ಅದು. ಅದನ್ನು ಮನೆಯವರೆಲ್ಲ ಕೂತು ಬರೆಯಬೇಕು. ಬರೆಯುವ ಪುಸ್ತಕ ಮನೆಯ ಯುವಕ, ಯುವತಿಯರ ಕೈಯಲ್ಲಿರಬೇಕು.

‘ನಿಮಗೆ ಮನೆ ಕೆಲಸದ ಬಗ್ಗೆ ಎಂತ ಗೊತ್ತುಂಟು?’ ಎಂದು ಹಿರಿಯರು ಕೇಳಬಹುದು. ಗೊತ್ತಿಲ್ಲ, ಒಪ್ಪಿದೆ. ಆದರೆ ಮೂರು ಅಂಗಡಿಗೆ ಫೋನ್ ಮಾಡಿ ದರ ಕೇಳಲು, ಬಿಲ್ಲಿನ ಫೋಟೊ ತೆಗೆದಿಡಲು, ದಿನದ ಖರ್ಚನ್ನು ಮೊಬೈಲಿನಲ್ಲಿ ಕೂಡಿಸಲು ನಮಗೆ ಬರುತ್ತದೆ. ಅದಕ್ಕಿಂತ ಮುಖ್ಯವಾಗಿ, ಹೆಚ್ಚಾದದ್ದನ್ನು ಕೊನೆಗೆ ತುಂಬುವವರು ನಾವೇ. ಒಬ್ಬರ ಫೀಸು, ಒಬ್ಬರ ಮೊದಲ ಸಂಬಳ, ಇನ್ನೊಬ್ಬರ ಬೈಕಿನ ಕನಸು. ಹಣ ಹೋಗುವಾಗ ನಾವು ಬೇಕು ಎಂದಾದರೆ ಹಣ ಹಂಚುವಾಗಲೂ ಬೇಕು.

ಅನುಭವದಿಂದ ಕಲಿತ ಕೆಲವು ವಿಷಯ ಹೇಳುತ್ತೇನೆ. ನಮ್ಮ ಕರಾವಳಿಯ ಹಳೆಯ ಮನೆಗಳಿಗೆ ಇವು ಹೊಂದುತ್ತವೆ ಎಂದು ನನ್ನ ನಂಬಿಕೆ.

ಮೊದಲನೆಯದು, ಮೊತ್ತ ಹೇಳುವ ಮೊದಲು ಮಾಡು ಬಿಚ್ಚಿ ನೋಡಬೇಕು. ಪೂರ್ತಿ ಬೇಡ, ನಾಲ್ಕು ಕಡೆ ನಾಲ್ಕು ಸಾಲು ಹಂಚು ತೆಗೆದು ಮರಕ್ಕೆ ಚಾಣ ಕೊಟ್ಟು ನೋಡಿದರೆ ಸಾಕು. ಒಬ್ಬರ ಒಂದು ದಿನದ ಮಜೂರಿ. ಅದನ್ನು ಉಳಿಸಲು ಹೋಗಿ ನಾವು 1,20,000ದ ಆಘಾತ ತಿಂದೆವು. ಹಾಗೆಯೇ ಮೀಟರ್ ಬೋರ್ಡ್, ಪೈಪು, ಶೌಚಗುಂಡಿ. ಹಳೆಯ ಮನೆಯಲ್ಲಿ ಖರ್ಚು ಅಡಗಿರುವುದು ಕಣ್ಣಿಗೆ ಕಾಣದ ಜಾಗದಲ್ಲಿ.

ಎರಡನೆಯದು, ಇರುವ ಒಳ್ಳೆಯದನ್ನು ಲೆಕ್ಕಕ್ಕೆ ಹಿಡಿಯಬೇಕು. ‘ಹಂಚು ತೆಗ್ದ್ ಸ್ಲ್ಯಾಬ್ ಹಾಕಿ’ ಎಂದು ನಮಗೆ ಸಲಹೆ ಕೊಟ್ಟವರೇ ಹೆಚ್ಚು. ಮಂಗಳೂರಿನಲ್ಲಿ ಬಾಸೆಲ್ ಮಿಷನ್ನಿನವರು 1865ರಲ್ಲಿ ಹಂಚಿನ ಕಾರ್ಖಾನೆ ಶುರು ಮಾಡಿದರು. ಅಲ್ಲಿಂದ ಈ ಹಂಚು ಕರಾವಳಿಯ ಮಳೆಯನ್ನು ತಡೆಯುತ್ತಲೇ ಬಂದಿದೆ. ವರ್ಷಕ್ಕೆ ಸುಮಾರು 4,000 ಮಿಲಿಮೀಟರ್ ಮಳೆ ಬೀಳುವ ಜಿಲ್ಲೆ ನಮ್ಮದು. ಇಳಿಜಾರಿನ ಮಾಡು ಇಲ್ಲಿ ಅಂದಕ್ಕಾಗಿ ಹುಟ್ಟಿದ್ದಲ್ಲ. ಈಗ ಊರಿನಲ್ಲಿ ಒಂದು ಸುತ್ತು ಹಾಕಿ ನೋಡಿ. ಎಷ್ಟೋ ಸ್ಲ್ಯಾಬ್ ಮನೆಗಳ ಮೇಲೆ ಕಬ್ಬಿಣದ ಕಂಬ ನಿಲ್ಲಿಸಿ ಶೀಟಿನ ಮಾಡು ಹಾಕಿದ್ದಾರೆ, ಸೋರುತ್ತದೆ ಎಂದು. ಒಂದು ಮನೆಗೆ ಎರಡು ಮಾಡಿನ ಖರ್ಚು! ಹಂಚಿನ ಮಾಡಿಗೆ ನೂರು ಚದರ ಅಡಿಗೆ ಸುಮಾರು 140 ಹಂಚು ಬೇಕು. ಇಳಿಸುವಾಗ ಜಾಗ್ರತೆ ಮಾಡಿದ್ದರಿಂದ ನಮ್ಮ ಹಳೆಯ ಹಂಚಿನಲ್ಲಿ ಮುಕ್ಕಾಲು ಪಾಲು ಪುನಃ ಮೇಲೆ ಹೋಯಿತು. ಇಡೀ ಕೆಲಸದಲ್ಲಿ ನಮಗೆ ನಿಜವಾಗಿ ಉಳಿದ ಹಣ ಅದೊಂದೇ. ಕೇರಳದಲ್ಲಿ ಲಾರಿ ಬೇಕರ್ ಅವರು ಸ್ಲ್ಯಾಬಿನ ಒಳಗೇ ಹಂಚು ಜೋಡಿಸಿ ಕಾಂಕ್ರೀಟು ಉಳಿಸುವ ವಿಧಾನವನ್ನು ಬಳಸಿ ತೋರಿಸಿದ್ದರು. ಸ್ಲ್ಯಾಬೇ ಬೇಕು ಎನ್ನುವವರು ಮೇಸ್ತ್ರಿಯ ಹತ್ತಿರ, ಇಲ್ಲವೇ ನಿರ್ಮಿತಿ ಕೇಂದ್ರದಲ್ಲಿ ಇಂಥದ್ದನ್ನು ಕೇಳಿಯಾದರೂ ನೋಡಬಹುದು.

ಮೂರನೆಯದು, ಅನಿರೀಕ್ಷಿತಕ್ಕೆ ಒಂದು ಸಾಲು. ಪಾಠದ ಪುಸ್ತಕದಲ್ಲಿ ಶೇ 10 ಎಂದಿರುತ್ತದೆ. ಅಜ್ಜನ ಕಾಲದ ಮನೆಗೆ ಅದು ಸಾಲದು, ಶೇ 20 ಇಡಿ ಎನ್ನುತ್ತೇನೆ ನಾನು. 4,50,000 ಕೈಯಲ್ಲಿದ್ದರೆ ಕೆಲಸದ ಪಟ್ಟಿ 3,75,000ಕ್ಕೆ ನಿಲ್ಲಬೇಕು. ಇಲ್ಲಿ ಬೆಲೆ ಏರುವುದು ನಮ್ಮ ತಪ್ಪಿನಿಂದ ಮಾತ್ರ ಅಲ್ಲ. ನಮ್ಮ ಕೆಲಸ ಮುಗಿದ ಮೇಲೆ, 2025ರ ಮಳೆಗಾಲದಲ್ಲಿ, ಕರಾವಳಿಯಲ್ಲಿ ಕೆಂಪುಕಲ್ಲು, ಮರಳು ಸಿಗದೆ ಎಷ್ಟು ಕಡೆ ಕೆಲಸ ನಿಂತಿತು ಎಂಬುದು ಎಲ್ಲರಿಗೂ ನೆನಪಿರಬೇಕು. ಆ ವರ್ಷವೇ ಸೆಪ್ಟೆಂಬರ್ 22ರಿಂದ ಸಿಮೆಂಟಿನ ಜಿಎಸ್‌ಟಿ ಶೇ 28ರಿಂದ 18ಕ್ಕೆ ಇಳಿಯಿತು. ಒಂದು ಕಡೆ ಏರುತ್ತದೆ, ಒಂದು ಕಡೆ ಇಳಿಯುತ್ತದೆ. ಎರಡೂ ನಮ್ಮ ಕೈಯಲ್ಲಿಲ್ಲ. ಮೀಸಲು ಇಡುವುದು ಮಾತ್ರ ನಮ್ಮ ಕೈಯಲ್ಲಿದೆ.

ಮರಳಿನ ವಿಷಯದಲ್ಲಿ ಇನ್ನೊಂದು ಮಾತು. ನಮ್ಮಂಥ ಅಳಿವೆಯ ಊರಿನಲ್ಲಿ ‘ಇಲ್ಲೇ ಹೊಳೆದು, ಕಡಿಮೆಗೆ ಸಿಕ್ತ್’ ಎಂದು ಯಾರಾದರೂ ಆಸೆ ತೋರಿಸುತ್ತಾರೆ. ಉಪ್ಪುನೀರಿನ ಮರಳು ಕಾಂಕ್ರೀಟಿನ ಒಳಗಿನ ಕಬ್ಬಿಣಕ್ಕೆ ತುಕ್ಕು ಹಿಡಿಸುತ್ತದೆ. ಉಪ್ಪುಗಾಳಿ ಹೊರಗಿನಿಂದ ಹೇಗೂ ತನ್ನ ಕೆಲಸ ಮಾಡುತ್ತಿರುತ್ತದೆ. ಇಂದು ಉಳಿಸಿದ ಐದು ಸಾವಿರ ಹತ್ತು ವರ್ಷದ ಬಳಿಕ ಸ್ಲ್ಯಾಬಿನ ಚಕ್ಕೆಯಾಗಿ ತಲೆಯ ಮೇಲೆ ಬೀಳಬಹುದು.

ನಾಲ್ಕನೆಯದು, ಅನುಮತಿ. ಹೊಳೆಯ ದಡದ ಎಷ್ಟೋ ಮನೆಗಳು ಸಿಆರ್‌ಝಡ್ ವ್ಯಾಪ್ತಿಯಲ್ಲಿವೆ. ಅದರ ನಿರ್ಬಂಧಿತ ಪ್ರದೇಶದಲ್ಲೂ ಇರುವ ಅಧಿಕೃತ ಮನೆಯನ್ನು ಅದರ ಈಗಿನ ಅಡಿಪಾಯದ ಅಳತೆ ಮೀರದ ಹಾಗೆ ರಿಪೇರಿ ಮಾಡಲು ನಿಯಮದಲ್ಲಿ ಅವಕಾಶವಿದೆ. ಹೊರಕ್ಕೆ ಒಂದು ಕೋಣೆ ಎಳೆಯುತ್ತೇವೆ ಎಂದರೆ ವಿಷಯ ಬೇರೆಯಾಗುತ್ತದೆ. ಕಲ್ಲು ಇಳಿಸಿದ ಮೇಲೆ ಪಂಚಾಯಿತಿಗೆ ಓಡುವ ಬದಲು ಮೊದಲೇ ಕೇಳಿಕೊಳ್ಳುವುದಕ್ಕೆ ಖರ್ಚೇನೂ ಇಲ್ಲ. ಸರ್ಕಾರದ ಸಹಾಯಧನ ಸಿಗಬಹುದು ಎಂದು ಪಟ್ಟಿಗೆ ಸೇರಿಸಿಕೊಳ್ಳುವವರೂ ಇದ್ದಾರೆ. ಪ್ರಧಾನಮಂತ್ರಿ ಆವಾಸ್ ಯೋಜನೆಯ ಗ್ರಾಮೀಣ ವಿಭಾಗದಲ್ಲಿ ಬಯಲು ಪ್ರದೇಶಕ್ಕೆ ನಿಗದಿಯಾದ 1,20,000 ರೂಪಾಯಿ ಮನೆಯಿಲ್ಲದವರಿಗೆ, ಕಚ್ಚಾ ಮನೆಯವರಿಗೆ. ನಮ್ಮ ಸಿಟೌಟ್‌ಗೆ ಅಲ್ಲ.

ಐದನೆಯದು, ಸಾಲದ ನಿಜವಾದ ಬೆಲೆ. 2 ಲಕ್ಷವನ್ನು ಶೇ 12ರ ಬಡ್ಡಿಗೆ 5 ವರ್ಷಕ್ಕೆ ತೆಗೆದರೆ ತಿಂಗಳ ಕಂತು ಸುಮಾರು 4,450 ರೂಪಾಯಿ. ಕೊನೆಗೆ ಕಟ್ಟುವುದು ಹತ್ತಿರ ಹತ್ತಿರ 2,67,000. ಬಡ್ಡಿಯೇ 67,000. ಒಂದು ಬಚ್ಚಲಿಗಿಂತ ಹೆಚ್ಚು! ‘ತಿಂಗಳಿಗೆ ನಾಕೂವರೆ ಸಾವಿರ ಅಲ್ದಾ’ ಎಂದು ಹೇಳುವಾಗ ಈ 67,000 ಯಾರ ಕಣ್ಣಿಗೂ ಬೀಳುವುದಿಲ್ಲ. ಚಿನ್ನವನ್ನೂ ಹಾಗೇ. ನಮ್ಮ ಮನೆಗಳಲ್ಲಿ ಅಮ್ಮನ ಬಳೆ ಯಾವ ಪಟ್ಟಿಯಲ್ಲೂ ಇರುವುದಿಲ್ಲ, ಆದರೆ ಎಲ್ಲರ ಮನಸ್ಸಿನಲ್ಲೂ ಇರುತ್ತದೆ. ಅದನ್ನು ತೆಗೆಯುವ ಉದ್ದೇಶವಿದ್ದರೆ ಮೊದಲ ದಿನವೇ ಅಮ್ಮನ ಎದುರಿಗೆ ಬರೆಯಿರಿ. ಬರೆಯಲು ಕೈ ಬರದಿದ್ದರೆ ತೆಗೆಯಲೂ ಬಾರದು.

ಇದನ್ನೆಲ್ಲ ಬರೆಯುವಾಗ ನಮ್ಮ ಜಿಲ್ಲೆಯ ಒಂದು ಹಳೆಯ ಸಂಗತಿ ನೆನಪಾಗುತ್ತದೆ. 1925ರಲ್ಲಿ ಉಡುಪಿಯಲ್ಲಿ ಹುಟ್ಟಿ ಮುಂದೆ ಸಿಂಡಿಕೇಟ್ ಬ್ಯಾಂಕ್ ಆದ ಸಂಸ್ಥೆ, 1928ರಲ್ಲಿ ಪಿಗ್ಮಿ ಠೇವಣಿ ಶುರು ಮಾಡಿತು. ಏಜೆಂಟರು ದಿನವೂ ಮನೆ ಬಾಗಿಲಿಗೆ ಬಂದು ಎರಡಾಣೆಯಷ್ಟು ಸಣ್ಣ ಹಣವನ್ನೂ ಪಡೆದು ಪುಸ್ತಕದಲ್ಲಿ ಬರೆದುಕೊಡುತ್ತಿದ್ದರು. ಬಡವರ ಕೈಯಲ್ಲಿ ಹಣ ನಿಲ್ಲದು ಎನ್ನುವವರಿಗೆ ಅದು ಉತ್ತರವಾಗಿತ್ತು. ಆ ಬ್ಯಾಂಕು 2020ರಲ್ಲಿ ಕೆನರಾ ಬ್ಯಾಂಕಿನಲ್ಲಿ ಸೇರಿಹೋಯಿತು. ಆದರೆ ಸಂಜೆ ಪಿಗ್ಮಿ ಕಲೆಕ್ಷನ್ನಿಗೆ ಬರುವವರು ನಮ್ಮ ಪೇಟೆಗಳಲ್ಲಿ ಇವತ್ತಿಗೂ ಇದ್ದಾರೆ. ಅಪ್ಪನೂ ರಿಕ್ಷಾದ ದುಡಿಮೆಯಿಂದ ದಿನಕ್ಕೆ ನೂರು ರೂಪಾಯಿ ಕಟ್ಟುತ್ತಾರೆ. ನೂರು ನೂರು ಕೂಡಿಸುವಾಗ ಪುಸ್ತಕದಲ್ಲಿ ಬರೆಸಿಕೊಳ್ಳುವ ನಾವು, ಲಕ್ಷ ಲಕ್ಷ ಖರ್ಚು ಮಾಡುವಾಗ ಯಾಕೆ ಬರೆಯುವುದಿಲ್ಲ?

ಉತ್ತರ ನನಗೆ ಗೊತ್ತಿದೆ. ‘ಊರವ್ರ್ ಎಂತ ಹೇಳ್ತ್ರ್?’ ಎಂಬ ಪ್ರಶ್ನೆಗೆ ಲೆಕ್ಕದ ಪುಸ್ತಕದಲ್ಲಿ ಜಾಗವಿಲ್ಲ. ಬರೆದರೆ ಸಿಟೌಟಿನ ಎದುರಿಗೆ ಬಚ್ಚಲು ಬಂದು ನಿಲ್ಲುತ್ತದೆ. ಆಗ ಆರಿಸಬೇಕಾಗುತ್ತದೆ. ಬರೆಯದಿದ್ದರೆ ಆರಿಸುವ ಕಷ್ಟವಿಲ್ಲ.

ಹಾಗೆಂದು ಅಪ್ಪನನ್ನು ದೂರಲು ನಾನು ತಯಾರಿಲ್ಲ. ಮದುವೆ ಕಳೆದು ಕೆಲವು ದಿನಗಳ ಮೇಲೆ ಒಂದು ಸಂಜೆ ಅವರು ಸಿಟೌಟಿನಲ್ಲಿ ಕೂತು ಹೇಳಿದ್ದು ನೆನಪಿದೆ. ಚಿಕ್ಕಂದಿನಲ್ಲಿ ಮಾಡು ಸೋರುವಾಗ ಪಾತ್ರೆ ಇಟ್ಟು ಮಲಗುತ್ತಿದ್ದರಂತೆ. ಮನೆಗೆ ಬಂದ ಜೊತೆಯವರನ್ನು ಅಂಗಳದಲ್ಲೇ ಮಾತಾಡಿಸಿ ಕಳಿಸುತ್ತಿದ್ದರಂತೆ. ಮೂವತ್ತು ವರ್ಷ ಬೇರೆಯವರನ್ನು ಅವರವರ ಚಂದದ ಮನೆಯ ಎದುರು ಇಳಿಸಿ ಬಂದವರಿಗೆ, ಬಂದವರನ್ನು ಕೂರಿಸಲು ಒಂದು ಒಳ್ಳೆಯ ಜಾಗ ಬೇಕು ಎನ್ನಿಸಿದ್ದು ತಪ್ಪೇ? ಅಲ್ಲ. ಅಗತ್ಯ ಮಾತ್ರ ಸಾಕು, ಆಸೆ ಬೇಡ ಎನ್ನುವ ಬಜೆಟ್ಟನ್ನು ಯಾರೂ ಪಾಲಿಸುವುದಿಲ್ಲ. ಆದ್ದರಿಂದ ಆಸೆಗೂ ಒಂದು ಸಾಲು ಇರಲಿ. ಆದರೆ ಅದಕ್ಕೆ ಒಂದು ಮಿತಿಯೂ ಇರಲಿ. ಆ ಸಾಲು ಬೆಳೆಯುವಾಗ ಯಾರ ಸಾಲು ಸಣ್ಣದಾಗುತ್ತಿದೆ ಎಂಬುದು ಎಲ್ಲರಿಗೂ ಕಾಣಲಿ. ಗ್ರಾನೈಟ್ ಅಂಗಡಿಯಲ್ಲಿ ಯಾರಾದರೂ ಒಬ್ಬರು ಪುಸ್ತಕ ತೆರೆದು ‘ಇದು ಅಮ್ಮಮ್ಮನ ಬಚ್ಚಲಿನ ಹಣ’ ಎಂದಿದ್ದರೆ ಅಪ್ಪ ಆ ಕಲ್ಲನ್ನು ಖಂಡಿತ ಕೆಳಗಿಡುತ್ತಿದ್ದರು. ಹೇಳಬೇಕಾದವಳು ನಾನಾಗಿದ್ದೆ. ನಾನು ಅಂದು ಬಣ್ಣ ಚಂದ ಇದೆ ಎಂದು ಫೋಟೊ ತೆಗೆಯುತ್ತಿದ್ದೆ.

ಮದುವೆಯ ದಿನಾಂಕವೂ ಒಂದು ಖರ್ಚು ಎಂಬುದನ್ನು ಮರೆಯಬೇಡಿ. ಮುಹೂರ್ತ ಹತ್ತಿರ ಬಂದಂತೆ ಚೌಕಾಸಿ ಮಾಡುವ ಶಕ್ತಿ ಹೋಗುತ್ತದೆ. ಪೇಂಟಿನವರು ‘ಎರಡು ಜನ ಜಾಸ್ತಿ ಹಾಕ್ತೆ’ ಎಂದರೆ ಹೂಂ ಎನ್ನಬೇಕು. ನಮ್ಮಲ್ಲಿ ಕೆಲಸಕ್ಕೆ ಸಿಗುವುದು ಅಕ್ಟೋಬರ್‌ನಿಂದ ಮೇವರೆಗಿನ ಬಿಸಿಲು. ಅಷ್ಟರಲ್ಲಿ ಮುಗಿಯದ್ದನ್ನು ಮುಂದಿನ ವರ್ಷಕ್ಕೆ ಬಿಡುವ ಧೈರ್ಯ ಬೇಕು. ಆದರೆ ಬಿಡುವುದು ಪೇಂಟನ್ನೋ ಬಚ್ಚಲನ್ನೋ ಎಂಬುದನ್ನು ಮೊದಲೇ ತೀರ್ಮಾನಿಸಬೇಕು.

2025ರ ದೀಪಾವಳಿ ಕಳೆದ ಮೇಲೆ ಬಚ್ಚಲಿನ ಕೆಲಸ ಶುರು ಮಾಡಿದೆವು. ಈ ಸಲ ನೂರು ಪುಟದ ಒಂದು ಪುಸ್ತಕ ತಂದೆ. ಮೇಸ್ತ್ರಿ ಬಂದಾಗ ಚಾ ಕೊಟ್ಟು ಅಲ್ಲೇ ಕೂತೆ. ಕೂಲಿ ದಿನದ ಲೆಕ್ಕವೋ, ಗುತ್ತಿಗೆಯೋ? ಸಾಮಾನು ಯಾರದ್ದು? ಹಣ ಯಾವ ಹಂತಕ್ಕೆ ಎಷ್ಟು? ಮೊದಮೊದಲು ಅವರು ಅಪ್ಪನ ಮುಖ ನೋಡಿಯೇ ಉತ್ತರಿಸುತ್ತಿದ್ದರು. ನಾಲ್ಕನೆಯ ದಿನಕ್ಕೆ ಅವರೇ ‘ಬರ್ಕೊಣಿ’ ಎಂದು ನನ್ನ ಕಡೆ ತಿರುಗಿದರು. ಹೊರಕ್ಕೆ ಏನನ್ನೂ ಎಳೆಯಲಿಲ್ಲ, ಅಮ್ಮಮ್ಮನ ಕೋಣೆಯ ಮೂಲೆಯನ್ನೇ ಬಚ್ಚಲು ಮಾಡಿದೆವು. ಹೊಸಿಲು ಇಲ್ಲ, ಜಾರದ ಟೈಲ್ಸ್, ಗೋಡೆಗೆ ಹಿಡಿ, ಕುಳಿತುಕೊಳ್ಳುವ ಕಮೋಡು, ರಾತ್ರಿಯಿಡೀ ಉರಿಯುವ ಸಣ್ಣ ದೀಪ. ಕೆಲಸಕ್ಕೆ 65,000, ಮೀಸಲು 13,000, ಒಟ್ಟು 78,000 ಎಂದು ಬರೆದಿದ್ದೆವು. ಹಳೆಯ ಗುಂಡಿಗೆ ಸೇರುವ ಪೈಪು ಒಡೆದಿದ್ದರಿಂದ ಮೀಸಲಿನಲ್ಲಿ 6,500 ಹೋಯಿತು. ಉಳಿದ 6,500 ಅಮ್ಮನ ಬಳೆಯ ಸಾಲಕ್ಕೆ ಕಟ್ಟಿದೆವು. ನಮ್ಮ ಮನೆಯಲ್ಲಿ ಒಂದು ಕೆಲಸ ಮುಗಿದು ಹಣ ಉಳಿದದ್ದು ಇದೇ ಮೊದಲು.

ಮೊದಲ ದಿನ ಅಮ್ಮಮ್ಮ ವಾಕರ್ ಹಿಡಿದು ಒಳಗೆ ಹೋಗಿ ಬಂದವರು, ‘ಇಷ್ಟ್ ಚಂದ ಎಂತಕ್ ಮಾಡುಕ್ ಹೋದ್ರಿ, ನಂಗೆ ಹೊರ್ಗಿದ್ದೇ ಸಾಕಿತ್’ ಎಂದರು. ಅಪ್ಪ ಏನೂ ಹೇಳದೆ ರಿಕ್ಷಾ ತೆಗೆದುಕೊಂಡು ಹೋದರು. ರಾತ್ರಿ ಊಟಕ್ಕೆ ಕೂತಾಗ ಪುಸ್ತಕ ತರಲು ಹೇಳಿದರು. ಪೂರ್ತಿ ತಿರುವಿ ನೋಡಿ, ‘ಇನ್ ಎಂತ ಬಾಕಿ ಉಂಟ್?’ ಎಂದು ಕೇಳಿದರು.

ಅರ್ಧದಲ್ಲಿ ನಿಂತ ಅಡುಗೆಮನೆ, ಅಮ್ಮನ ಚಿನ್ನ ಬಿಡಿಸುವುದು, ನನ್ನ ಎಂಕಾಂ ಎಂದೆ. ಮೂರನ್ನೂ ಒಂದರ ಕೆಳಗೆ ಒಂದು ಬರೆದು, ಎದುರಿಗೆ ಮೊತ್ತ, ತಿಂಗಳು ಹಾಕಿದೆ. ಸಾಲುಗಳ ಕ್ರಮ ಸರಿಯಿಲ್ಲ ಎಂದು ಅಪ್ಪ ಪೆನ್ನು ತೆಗೆದುಕೊಂಡು, ಮೂರನೆಯದಕ್ಕೆ 1 ಎಂದು ಬರೆದು ಪುಸ್ತಕ ನನ್ನ ಕೈಗೆ ಕೊಟ್ಟರು.